ನೆರಳಲ್ಲಿ ಒಣಗಿಸಬೇಕು

ಬಂದರಿನ ಓಣಿಯಲ್ಲಿ, ಪಕ್ಕದ ಮಂಡಿಯ ಒಣಮೆಣಸಿನ ಘಾಟಿಗೆ
ಸೀನುತ್ತ ಗಾಜು ಕೊಯ್ಯುವವ ನಾನು.
ದೇವರು, ಮದುವೆ, ಡಿಗ್ರಿ, ತೀರಿಕೊಂಡವರು,
ಎಲ್ಲರಿಗೂ ಒಂದೇ ಅಳತೆಕೋಲು.

ಹಡಗಿನ ಅಡುಗೆಯವ ಬೊನಿಫಾಸ್ ಲೋಬೊ
ರಟ್ಟಿನ ಕೊಳವೆಯಿಂದ ಎಳೆದು ಬಿಚ್ಚಿದ:
ಹಳೆಯ ಅರಮನೆಯೊಂದರ ಅಂಗಳ. ಸ್ಪೇನಿನದಂತೆ.
ಅಲ್ಲಿಯವನೇ ಯಾರೋ ಬರೆದ ಚಿತ್ರ, ಇದು ಅದರ ಅಚ್ಚು.
ನಾಲ್ಕು ಮೂಲೆಗೆ ಗಾಜಿನ ತುಂಡು ಹೇರಿದರೂ
ಮತ್ತೆ ಸುರುಳಿಯಾಗಲು ಹವಣಿಸುವ ಕಾಗದ.
"ತೇಗದ ಕಟ್ಟು ಹಾಕಿ" ಅಂದ, ಇನ್ನೂರು ಮುಂಗಡ ಕೊಟ್ಟ,
ಹೋದವ ಹೋದ. ಎರಡು ಮಳೆಗಾಲ.

ಗೋಡೆಗೆ ತೂಗುಹಾಕಿದೆ.
ಏನು ಬಿಸಿಲು ಮಾರಾಯ್ರೆ ಅದು!
ಕೊಳದ ನೀರು ಕೊಳದಲ್ಲಿ ನಿಲ್ಲದೆ
ಕಮಾನಿನ ಒಳಮೈಗೆ ಹತ್ತಿ ನಡುಗುತ್ತದೆ.
ಕಿತ್ತಳೆ ಗಿಡದಲ್ಲಿ ಹಣ್ಣು ಮೂರೋ ನಾಲ್ಕೋ,
ಒಂದು ಹಣ್ಣೇ ಅಲ್ಲ, ಕುಂಚ ಒರೆಸಿದ ಗುರುತು.
ಬಿಳಿ ಅಂದುಕೊಂಡ ಗೋಡೆಯ ಹತ್ತಿರ ಹೋದರೆ
ಬಿಳಿ ಎಲ್ಲಿಯೂ ಇಲ್ಲ: ಬೆಣ್ಣೆ, ಪುನರ್ಪುಳಿಯ ತೆಳು ನೀರು,
ಬೂತಾಯಿಯ ಹೊಟ್ಟೆಯ ಬಣ್ಣ.

ಕಮಾನಿನ ಸುತ್ತ ಅರಬಿ ಅಕ್ಷರ.
ಮದ್ರಸದಲ್ಲಿ ಬೆತ್ತದೇಟು ತಿಂದು ಕಲಿತದ್ದನ್ನೆಲ್ಲ
ಕಣ್ಣಿಗೆ ತಂದುಕೊಂಡು ಸ್ಟೂಲು ಹತ್ತಿದೆ.
ಒಂದು ಅಲಿಫ್ ಸಿಕ್ಕಿತು. ಇನ್ನೊಂದು ಲಾಮ್ ಇರಬಹುದು.
ಉಳಿದದ್ದನ್ನು ಬಿಸಿಲು ತಿಂದಿದೆ.

ಬೆಲೆ ಕೇಳಿದವರು ಇದ್ದರು. ಲಾಡ್ಜಿನ ಮ್ಯಾನೇಜರು,
ಒಬ್ಬ ಹಲ್ಲಿನ ಡಾಕ್ಟರು ಎರಡು ಸಲ.
"ಪಾರ್ಟಿ ನಾಳೆ ಬರ್ತಾರೆ" ಅಂದೆ, ನಾಳೆ, ನಾಳೆ.

ಆಮೇಲೆ ಬೋಳಾರದ ಬಾಗಿಯಕ್ಕ ಬಂದರು.
ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ;
ಅದು ಮುಚ್ಚಿದ ದಿನ ತೆಗೆದ ಗ್ರೂಪ್ ಫೋಟೋಕ್ಕೆ ಕಟ್ಟು.
ಎಪ್ಪತ್ತು ರೂಪಾಯಿಗೆ ಜಗಳ ಆಡುತ್ತಲೇ
ಗೋಡೆಯತ್ತ ತಿರುಗಿ ಬಾಯಿ ನಿಲ್ಲಿಸಿದರು.
ಮೊದಲು ಕಂಡದ್ದು ಮಾಡು:
"ಹೆಂಚು ನಮ್ಮದಲ್ಲ. ಬಿದಿರು ಸೀಳಿ ಕವುಚಿದ ಹಾಗೆ ಉಂಟು."
ಆಮೇಲೆ ನೀರು.
ಆಮೇಲೆ ಬಹಳ ಹೊತ್ತು, ಕಮಾನಿನ ಕೆಳಗೆ.

"ಎಂತ ಬೆಳಕು ಅಲ್ವಾ" ಅಂದೆ.
"ಬೆಳಕು ಎಂತದ್ದು ಬ್ಯಾರಿಗಳೇ, ಅದು ಪುಕ್ಕಟೆ ಬೀಳ್ತದೆ.
ಹಸಿ ಹೆಂಚು ಬಿಸಿಲಿಗೆ ಇಟ್ಟರೆ ಊಟದ ಹೊತ್ತಿಗೆ ಬಿರುಕು.
ನೆರಳಲ್ಲಿ ಒಣಗಿಸಬೇಕು. ಗಾಳಿ ಆಡಬೇಕು.
ಬಿಸಿಲು ಮುಟ್ಟಬಾರದು, ಆದರೆ
ಪಕ್ಕದಲ್ಲೇ ಕೂತಿರಬೇಕು.
ಅಂಥ ಜಾಗ ಮಾಡುವುದು ಕಷ್ಟ. ಇವನಿಗೆ ಗೊತ್ತುಂಟು."
ಮತ್ತು ಮಣ್ಣಿನ ಹದ ನೋಡುವಂತೆ
ಹೆಬ್ಬೆರಳನ್ನು ಗಾಜಿಗೆ ಒತ್ತಿದರು,
ಕಮಾನಿನ ಕೆಳಗೆ, ಸರಿಯಾಗಿ ಅಲ್ಲಿಯೇ.

ಅವರು ಹೋದ ಮೇಲೆ ದೀಪ ಹಾಕಿ ನೋಡಿದೆ.
ಆ ನೆರಳಲ್ಲಿ ಕಪ್ಪು ಒಂದು ಚುಕ್ಕೆಯೂ ಇಲ್ಲ.
ನೇರಳೆ, ಹಾವಸೆಯ ಹಸಿರು, ಬಾಸುಂಡೆ ಮಾಯುವಾಗಿನ ನೀಲಿ,
ಒಂದರ ಮೇಲೊಂದು, ಅವಸರವಿಲ್ಲದೆ.
ಬಿಸಿಲನ್ನು ಅವನು ನಾಲ್ಕು ಎಳೆತದಲ್ಲಿ ಮುಗಿಸಿದ್ದ.
ಒರೆಸಲು ಬಟ್ಟೆ ಎತ್ತಿಕೊಂಡೆ. ಇಟ್ಟೆ.

ಲೋಬೊ ಬಂದದ್ದು ಆಟಿಯ ಒಂದು ಸಂಜೆ,
ಕೊಡೆಯ ನೀರು ಅಂಗಡಿಗೆಲ್ಲ ಸುರಿಸುತ್ತ.
"ಅರಮನೆ ಒಳಗೆ ಹೇಗುಂಟು?" ಕೇಳಿದೆ.
"ಒಳಗೆ ಯಾರು ಹೋದದ್ದು! ಕ್ಯೂ ಬೀದಿಯ ತುದಿವರೆಗೆ,
ಆರು ಗಂಟೆಗೆ ಹಡಗು. ಗೇಟಿನ ಹತ್ತಿರ ಇದು ಸಿಕ್ಕಿತು."
ಕನ್ನಡಕ ಸರಿಸಿ ಗಾಜಿನ ಮೇಲೆ ಬಾಗಿದ.
"ಇದೆಂತದ್ದು ಕಲೆ?"

"ಒಳಗೆ ಹೋದವರದ್ದು" ಅಂದೆ.
ಅವನಿಗೆ ಕೇಳಿಸಲಿಲ್ಲ, ಶೀಟಿನ ಮೇಲೆ ಮಳೆ ಜೋರಿತ್ತು.
ಹಳೆ ಪೇಪರು ಸುತ್ತಿ, ಹುರಿ ಬಿಗಿದೆ.
ಬಾಕಿ ಆರುನೂರು.
ಐನೂರೈವತ್ತು ಕೊಟ್ಟ.